85 ‘ಅ’ ತನಕ ಸರಿ, 86ಕ್ಕೆ ಬಿತ್ತು: ಆಡಿಯೊ ಎಡಿಟರ್ ಕ್ರ್ಯಾಶ್ ಆದಾಗ ಎಲ್ಲಿ ಹುಡುಕಬೇಕು

ನನ್ನದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸಣ್ಣ ಅಂಗಡಿ. ಕಂಪ್ಯೂಟರ್ ರಿಪೇರಿ, ಜೊತೆಗೆ ಹಳೇ ಕ್ಯಾಸೆಟ್‌ಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸ. ಜುಲೈ ತಿಂಗಳು, ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಸಾಗರದ ಕಡೆಯ ಪರಿಚಯದ ಹುಡುಗ ಒಬ್ಬ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪೆನ್‌ಡ್ರೈವ್ ತಂದ. ಒಳಗೆ ಅವನ ಅಜ್ಜಿ ಹೇಳಿದ ಹಸೆ ಹಾಡು, ಸೋಬಾನೆ ಎಲ್ಲ ಸೇರಿ 41 ವೇವ್ ಫೈಲ್.

‘ಅಣ್ಣಾ, ಇದರಲ್ಲಿ ಒಂಬತ್ತು ಹಾಡು ಓಪನ್ ಆಗ್ತಾ ಇಲ್ಲ. ಎಡಿಟರ್‌ಗೆ ಹಾಕಿದ ಕೂಡಲೇ ಅದು ತಾನೇ ಮುಚ್ಚಿಕೊಳ್ತದೆ. ಮಳೆಗೆ ಕಂಪ್ಯೂಟರ್ ಹೋಗಿದೆಯಾ ಎಂತ?’

ಎಡಿಟರ್ ಹೆಸರು ಇಲ್ಲಿ ಬೇಡ. ಹಳೇದು, 32 ಬಿಟ್‌ನದು, ಯಾರೋ ಹಾಕಿಕೊಟ್ಟ ಕ್ರ್ಯಾಕ್ ಕಾಪಿ, ಅಪ್‌ಡೇಟ್ ಆಫ್ ಮಾಡಿಟ್ಟಿದ್ದು. ನಮ್ಮ ಕಡೆ ಅರ್ಧ ಜನರ ಹತ್ತಿರ ಇರುವುದು ಇಂಥದ್ದೇ. ಅದನ್ನು ಹಿಡಿದು ಹೋದ ದಾರಿಯನ್ನು, ಎಡವಿದ ಜಾಗಗಳ ಸಮೇತ, ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಎಡಿಟರ್ ಬೇರೆ ಇದ್ದರೂ ಹುಡುಕುವ ಕ್ರಮ ಇದೇ.

ಮಳೆ ಮೇಲೆ ತಪ್ಪು ಹೊರಿಸುವ ಮುಂಚೆ

ಮಲೆನಾಡಿನಲ್ಲಿ ಕಂಪ್ಯೂಟರ್ ಏನೇ ಆದರೂ ಮಳೆ ಮೇಲೆ ಹಾಕುತ್ತಾರೆ. ಅರ್ಧ ಸಲ ಅದು ನಿಜವೇ. ರ‍್ಯಾಮ್ ಕಾಲುಗಳಿಗೆ ಕಿಲುಬು ಹಿಡಿದಿರುತ್ತದೆ, ಎಸ್‌ಎಂಪಿಎಸ್ ಒಳಗೆ ಇರುವೆ ಗೂಡು ಮಾಡಿರುತ್ತದೆ, ವೋಲ್ಟೇಜ್ ಅಂತೂ ಕೇಳಲೇಬೇಡಿ. ಆದರೆ ಹಾರ್ಡ್‌ವೇರ್ ದೋಷಕ್ಕೆ ಒಂದು ಗುಣ ಇದೆ, ಅದು ಫೈಲ್ ನೋಡಿ ಬರುವುದಿಲ್ಲ. ಇವತ್ತು ಹಾಡು ತೆರೆಯುವಾಗ, ನಾಳೆ ಬ್ರೌಸರ್‌ನಲ್ಲಿ, ನಾಡಿದ್ದು ಸುಮ್ನೆ ಕೂತಾಗ ನೀಲಿ ಪರದೆ. ಇಲ್ಲಿ ಹಾಗಿಲ್ಲ. ಅದೇ ಒಂಬತ್ತು ಫೈಲ್, ತೆರೆದ ಕ್ಷಣಕ್ಕೇ ಬೀಳುತ್ತದೆ. ಉಳಿದ 32 ಫೈಲ್ ಬೆಳಗಿನಿಂದ ಸಂಜೆ ತನಕ ಓಡಿಸಿದರೂ ಏನೂ ಆಗುವುದಿಲ್ಲ.

ಖಚಿತ ಮಾಡಿಕೊಳ್ಳಲು ಅದೇ ಎಡಿಟರನ್ನು ಅಂಗಡಿಯ ಇನ್ನೊಂದು ಹಳೇ ಮಷಿನ್‌ಗೆ ಹಾಕಿ ಫೈಲ್ ಕೊಟ್ಟೆ. ಅಲ್ಲೂ ಬಿತ್ತು. ಎರಡು ಮಷಿನ್‌ನ ರ‍್ಯಾಮ್ ಒಂದೇ ಥರ ಕೆಡುವುದಿಲ್ಲ ಅಲ್ವಾ? ಹಾಗಾಗಿ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸುವ ಗೋಜಿಗೆ ಹೋಗಲಿಲ್ಲ. ಆ ಮಳೆಯಲ್ಲಿ ಯುಪಿಎಸ್ ಅಷ್ಟು ಹೊತ್ತು ತಡೆಯುತ್ತಲೂ ಇರಲಿಲ್ಲ.

ಪೆನ್‌ಡ್ರೈವ್‌ನಲ್ಲಿ ಫೈಲ್ ಕೆಟ್ಟಿದೆಯಾ ಅಂತ ನೋಡಲು ಅವನ ಲ್ಯಾಪ್‌ಟಾಪ್‌ನ ಮೂಲ ಫೈಲಿಗೂ ಕಾಪಿಗೂ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿದೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಸಾಕು. ಎರಡೂ ಒಂದೇ. ಪ್ಲಗಿನ್ ಫೋಲ್ಡರಿನ ಹೆಸರು ಬದಲಿಸಿ ನೋಡಿದೆ, ಸೌಂಡ್ ಡ್ರೈವರ್ ತೆಗೆದು ಹಾಕಿದೆ. ಏನೂ ವ್ಯತ್ಯಾಸ ಇಲ್ಲ.

ಇಲ್ಲಿಗೆ ಬಂದ ಮೇಲೆ ದಯವಿಟ್ಟು ಒಂದು ಕೆಲಸ ನಿಲ್ಲಿಸಿ. ಫೈಲನ್ನು ಮತ್ತೆ ಮತ್ತೆ ಡಬಲ್ ಕ್ಲಿಕ್ ಮಾಡಬೇಡಿ. ಒಂದು ಫೈಲ್ ತೆರೆದ ಮಾತ್ರಕ್ಕೆ ಪ್ರೋಗ್ರಾಂ ಸಾಯುತ್ತದೆ ಅಂದರೆ, ಆ ಫೈಲಿನ ಒಳಗಿನ ಏನೋ ಒಂದು ಪ್ರೋಗ್ರಾಂನ ಕೈ ಹಿಡಿದು ಎಲ್ಲಿಗೋ ಎಳೆಯುತ್ತಿದೆ. ಅಜ್ಜಿಯ ಹಾಡಿನಲ್ಲಿ ಯಾರೂ ವಿಷ ಹಾಕಿರುವುದಿಲ್ಲ, ಒಪ್ಪಿದೆ. ಆದರೆ ವಾಟ್ಸ್ಯಾಪ್‌ನಲ್ಲೋ ಮೇಲ್‌ನಲ್ಲೋ ಯಾರಿಂದಲೋ ಬಂದ ಫೈಲ್ ಆಗಿದ್ದರೆ? ಕಾಪಿ ಮಾಡಿಕೊಂಡು, ಇಂಟರ್ನೆಟ್ ಕೇಬಲ್ ಕಿತ್ತು, ಅಡ್ಮಿನ್ ಅಲ್ಲದ ಯೂಸರ್‌ನಲ್ಲಿ ಮುಂದಿನ ಪರೀಕ್ಷೆ ಮಾಡಿ. ವರ್ಚುವಲ್ ಮಷಿನ್ ಇದ್ದರೆ ಇನ್ನೂ ಒಳ್ಳೆಯದು.

ಬಿದ್ದ ಮೇಲೆ ಗುರುತು ಎಲ್ಲಿರುತ್ತದೆ

ಇವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರಡಿ ಅಪ್ಲಿಕೇಶನ್. ಎಡಿಟರ್ ಬಿದ್ದ ಹೊತ್ತಿಗೆ ಸರಿಯಾಗಿ ಕೆಂಪು ಗುರುತಿನ ಒಂದು ಸಾಲು ಇರುತ್ತದೆ, ಐಡಿ 1000. ಬಹಳ ಜನ ಇದನ್ನು ನೋಡುವುದೇ ಇಲ್ಲ, ನೇರ ಫಾರ್ಮ್ಯಾಟ್‌ಗೆ ಹೋಗುತ್ತಾರೆ. ಅದರಲ್ಲಿ ಮೂರು ವಿಷಯ ಬರೆದುಕೊಳ್ಳಿ: ಯಾವ ಮಾಡ್ಯೂಲ್ (ಪ್ರೋಗ್ರಾಂನ ಭಾಗ) ಬಿತ್ತು, ಎಕ್ಸೆಪ್ಶನ್ ಕೋಡ್ (ಬಿದ್ದ ಕಾರಣದ ಸಂಖ್ಯೆ) ಏನು, ಫಾಲ್ಟ್ ಆಫ್‌ಸೆಟ್ (ಬಿದ್ದ ಜಾಗದ ಸಂಖ್ಯೆ) ಎಷ್ಟು.

ಕೋಡ್ ‘ಸಿ’ಯಿಂದ ಶುರುವಾಗುತ್ತದೆ, ಮಧ್ಯೆ ಸಾಲು ಸೊನ್ನೆ. ನೋಡಬೇಕಾದ್ದು ಬಾಲ. ಕೊನೆಗೆ 005 ಇದ್ದರೆ, ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ ಅಂತ. 374 ಇದ್ದರೆ ಹೀಪ್ ಕೆಟ್ಟಿದೆ, ಅಂದರೆ ಪ್ರೋಗ್ರಾಂ ಆಗಾಗ ಕೇಳಿ ಪಡೆಯುವ ಮೆಮೊರಿಯ ಲೆಕ್ಕ ತಪ್ಪಿದೆ. 409 ಇದ್ದರೆ ಮೊದಲು ಸ್ಟ್ಯಾಕ್ ಬಫರ್ (ಪ್ರೋಗ್ರಾಂ ಕೆಲಸ ಮಾಡುವಾಗ ಡೇಟಾ ಇಡಲು ಮೊದಲೇ ಅಳತೆ ಹಾಕಿ ತೆಗೆದಿಟ್ಟ ಜಾಗ) ಉಕ್ಕಿದೆಯಾ ಅಂತ ಅನುಮಾನ ಪಡಿ. ಈಚಿನ ವಿಂಡೋಸ್ ಬೇರೆ ಕೆಲವು ತುರ್ತು ನಿಲುಗಡೆಗೂ ಇದೇ ಕೋಡ್ ಕೊಡುತ್ತದೆ, ಹಾಗಾಗಿ ಇದೊಂದೇ ಸಾಕ್ಷಿ ಸಾಲದು. ಲಿನಕ್ಸ್‌ನಲ್ಲಾದರೆ ಟರ್ಮಿನಲ್‌ನಿಂದ ಎಡಿಟರ್ ಓಡಿಸಿ. ‘ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್’ ಅಂತ ಅದು ತಾನಾಗಿ ಬಾಯಿಬಿಡುತ್ತದೆ.

ಈ 409 ಹೇಗೆ ಬರುತ್ತದೆ ಅನ್ನುವುದನ್ನು ಶಿವಮೊಗ್ಗದವರಿಗೆ ಹೇಳುವುದು ಸುಲಭ. ತುಂಗೆ ತುಂಬಿದೆಯಾ ಅಂತ ನಾವು ಹೇಗೆ ನೋಡುತ್ತೇವೆ? ಗಾಜನೂರು ಡ್ಯಾಂನಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಅಂತ ಯಾರೂ ಲೆಕ್ಕ ಹಾಕುವುದಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಾ ಅಂತ ನೋಡುತ್ತೇವೆ, ಅಷ್ಟೇ. ಈಗಿನ ಕಂಪೈಲರ್‌ಗಳು (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾಡುವ ಸಾಧನಗಳು) ಬಫರ್ ಪಕ್ಕದಲ್ಲಿ ಅಂಥದ್ದೇ ಒಂದು ಮಂಟಪ ಕಟ್ಟುತ್ತವೆ. ಒಂದು ಗುಟ್ಟಿನ ಸಂಖ್ಯೆ. ಕೆಲಸ ಮುಗಿಸಿ ಹೊರಡುವ ಮುಂಚೆ ಪ್ರೋಗ್ರಾಂ ಆ ಸಂಖ್ಯೆ ಹಾಗೇ ಇದೆಯಾ ಅಂತ ನೋಡುತ್ತದೆ. ಬದಲಾಗಿದ್ದರೆ ನೀರು ದಡ ದಾಟಿದೆ ಅಂತ ಅರ್ಥ, ಅಲ್ಲೇ ನಿಂತುಬಿಡುತ್ತದೆ.

ನಮ್ಮ ಹಳೇ ಎಡಿಟರ್‌ಗೆ ಈ ಮಂಟಪವೇ ಇರಲಿಲ್ಲ. ಕೋಡ್ ಬಂದದ್ದು 005. ಮಾಡ್ಯೂಲ್ ಹೆಸರಿನ ಜಾಗದಲ್ಲಿ ‘ಅನ್‌ನೋನ್’. ಇದನ್ನು ಕಡೆಗಣಿಸಬೇಡಿ. ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಕೋಡ್ ಫೈಲ್) ಒಂದರ ಹೆಸರು ಬಂದಿದ್ದರೆ ಬಿದ್ದದ್ದು ಗೊತ್ತಿರುವ ಕೋಡ್‌ನ ಒಳಗೆ. ಅನ್‌ನೋನ್ ಅಂದರೆ ಪ್ರೋಗ್ರಾಂ ಯಾವ ಕೋಡೂ ಇಲ್ಲದ ಜಾಗಕ್ಕೆ ಹೋಗಿ ನಿಂತಿದೆ. ಆಫ್‌ಸೆಟ್ ಸಂಖ್ಯೆಯಲ್ಲಿ ‘ಇ0’, ‘ಬಿ2’ ಅಂತ ಇತ್ತು. ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ಆದರೆ ಆ ಹೊತ್ತಿಗೆ ಹೊಳೆಯಲಿಲ್ಲ.

ದಾರಿ ತಪ್ಪಿದ್ದು

ಮೊದಲು ಫೈಲಿನ ಹೆಸರೇ ಉದ್ದ ಆಯಿತೇನೋ ಅಂದುಕೊಂಡೆ. ವಿಂಡೋಸ್‌ನಲ್ಲಿ ಫೋಲ್ಡರಿನ ಪೂರ್ತಿ ದಾರಿಗೆ 260 ಅಕ್ಷರದ ಹಳೇ ಮಿತಿ ಇದೆ, ನಮ್ಮ ಹುಡುಗ ಫೋಲ್ಡರ್ ಒಳಗೆ ಫೋಲ್ಡರ್ ಅಂತ ಅಟ್ಟದ ಮೇಲಿನ ಪೆಟ್ಟಿಗೆ ಥರ ಜೋಡಿಸಿದ್ದ. ಹೆಸರು ‘1’ ಅಂತ ಮಾಡಿ ಡೆಸ್ಕ್‌ಟಾಪ್‌ಗೆ ತಂದೆ. ಆಗಲೂ ಬಿತ್ತು.

ಆಮೇಲೆ ಹಾಡನ್ನು ಬೇರೆ ಹೊಸ ಎಡಿಟರ್‌ನಲ್ಲಿ ತೆರೆದೆ. ಚೆನ್ನಾಗಿ ತೆರೆಯಿತು. ಅಲ್ಲಿಂದ ಹೊಸದಾಗಿ ಸೇವ್ ಮಾಡಿ ತಂದರೆ ಮತ್ತೆ ಬಿತ್ತು! ಅರ್ಧ ಗಂಟೆ ತಲೆ ಕೆಟ್ಟುಹೋಯಿತು. ಹಾಡನ್ನು ಅರ್ಧಕ್ಕೆ ಕತ್ತರಿಸಿದೆ, ಬಿತ್ತು. ಐದು ಸೆಕೆಂಡು ಮೌನ ಮಾತ್ರ ಉಳಿಸಿದೆ, ಆಗಲೂ ಬಿತ್ತು. ಅಂದರೆ ತಪ್ಪು ಧ್ವನಿಯಲ್ಲಿಲ್ಲ. ಧ್ವನಿಯ ಜೊತೆಗೆ ಪ್ರಯಾಣ ಮಾಡುತ್ತಿರುವ ಇನ್ನೇನೋ ಇದೆ.

ಹುಡುಗನನ್ನು ಕೇಳಿದೆ: ‘ಈ ಫೈಲಿಗೆ ಈಚೆಗೆ ಎಂತ ಮಾಡಿದ್ದೀಯ ಮಾರಾಯ?’

‘ಎಂತದೂ ಇಲ್ಲಣ್ಣ. ಹೆಸರೆಲ್ಲ ನುಡಿ ಫಾಂಟಿನಲ್ಲಿ ಇತ್ತು, ಫೋನಿನಲ್ಲಿ ನೋಡಿದರೆ ಚಿತ್ರ ಚಿತ್ರ ಬರ್ತಿತ್ತು. ಎಲ್ಲ ಯುನಿಕೋಡ್ ಮಾಡಿದೆ.’

ಎಂತದೂ ಇಲ್ಲವಂತೆ.

ಕನ್ನಡದ ಒಂದು ಅಕ್ಷರಕ್ಕೆ ಎಷ್ಟು ಜಾಗ

ವೇವ್ ಫೈಲ್ ಅಂದರೆ ಬರೀ ಧ್ವನಿ ಅಲ್ಲ. ಅದು ಡಬ್ಬಿಗಳ ಸಾಲು. ಪ್ರತಿ ಡಬ್ಬಿಗೂ ಮೊದಲ 4 ಬೈಟ್ ಹೆಸರು, ಮುಂದಿನ 4 ಬೈಟ್ ಒಳಗೆ ಎಷ್ಟಿದೆ ಅನ್ನುವ ಅಳತೆ, ಆಮೇಲೆ ಸರಕು. ಸ್ಯಾಂಪಲ್ ದರ, ಚಾನೆಲ್ ಎಷ್ಟು ಅನ್ನುವುದಕ್ಕೆ ಒಂದು ಡಬ್ಬಿ. ಧ್ವನಿಗೆ ಒಂದು. ಹಾಡಿನ ಹೆಸರು, ಹೇಳಿದವರು, ಟಿಪ್ಪಣಿ ಇವೆಲ್ಲ ಲಿಸ್ಟ್ ಅನ್ನುವ ಡಬ್ಬಿಯಲ್ಲಿ ಸಣ್ಣ ಸಣ್ಣ ಡಬ್ಬಿಗಳಾಗಿ ಕೂತಿರುತ್ತವೆ. ಹಾಡಿನ ಹೆಸರಿನ ಡಬ್ಬಿಗೆ ಐಎನ್‌ಎಎಂ ಅಂತ ಗುರುತು.

ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಫೈಲ್ ತೆರೆದು ಈ ನಾಲ್ಕು ಅಕ್ಷರ ಹುಡುಕಿದೆ. ಅದರ ಮುಂದೆ ‘38 01 00 00’ ಇತ್ತು. ಇಲ್ಲಿ ಬೈಟ್‌ಗಳನ್ನು ಹಿಂದಿನಿಂದ ಓದಬೇಕು: 0138, ಅದು ಹೆಕ್ಸ್, ಅಂದರೆ 16ರ ಲೆಕ್ಕ, ನಮ್ಮ ಲೆಕ್ಕದಲ್ಲಿ 312. ಅಂದರೆ ಈ ಹಾಡಿನ ಹೆಸರು 312 ಬೈಟ್. ಅದರ ಮುಂದೆ ಪರದೆ ತುಂಬ ‘ಇ0 ಬಿ2’, ‘ಇ0 ಬಿ3’, ‘ಇ0 ಬಿ2’. ಲಾಗ್‌ನಲ್ಲಿ ನೋಡಿದ್ದು ಇದನ್ನೇ! ಯುನಿಕೋಡ್ ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರ, ಪ್ರತಿಯೊಂದು ಗುಣಿತದ ಚಿಹ್ನೆ ಶುರುವಾಗುವುದು ಹೀಗೆಯೇ. ‘ಅ’ ಅಂದರೆ ‘ಇ0 ಬಿ2 85’, ‘ಕ’ ಅಂದರೆ ‘ಇ0 ಬಿ2 95’.

ಒಂದೊಂದಕ್ಕೂ 3 ಬೈಟ್. ‘ಶಿವಮೊಗ್ಗ’ ಅಂತ ಬರೆದರೆ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಒಳಗೆ ಶ, ಗುಡಿಸು, ವ, ಮ, ಒತ್ವ, ಗ, ಹಲಂತದ ಚಿಹ್ನೆ, ಮತ್ತೆ ಗ. ಎಂಟು ತುಂಡು, 24 ಬೈಟ್. ಅದೇ ಇಂಗ್ಲಿಷಿನಲ್ಲಿ ಬರೆದರೆ 10 ಬೈಟ್‌ಗೆ ಮುಗಿಯುತ್ತದೆ. ಹಳೇ ನುಡಿ ಫಾಂಟಿನಲ್ಲಿ ಅಕ್ಷರದ ಒಂದೊಂದು ಚೂರಿಗೆ ಒಂದೊಂದೇ ಬೈಟ್ ಇತ್ತು. ಅದಕ್ಕೇ ವರ್ಷಾನುಗಟ್ಟಲೆ ಏನೂ ಆಗದೆ ನಡೆದಿತ್ತು. ಹುಡುಗ ಯುನಿಕೋಡ್ ಮಾಡಿದ ದಿನ ಹೆಸರುಗಳು ಒಳಗೊಳಗೇ ಊದಿಕೊಂಡವು. ಅವನೋ ಹೆಸರಿನ ಜಾಗದಲ್ಲೇ ಹಾಡಿನ ಮೊದಲ ಸಾಲು, ಯಾವ ಶಾಸ್ತ್ರಕ್ಕೆ ಹೇಳುವುದು, ಯಾರ ಮದುವೆಯಲ್ಲಿ ಹೇಳಿದ್ದು ಎಲ್ಲ ಬರೆದಿಟ್ಟಿದ್ದ. ಒಳ್ಳೇ ಕೆಲಸವೇ, ಬೈಯುವ ಹಾಗಿಲ್ಲ.

ನಿಮ್ಮ ಹೆಸರು ಎಷ್ಟು ಬೈಟ್ ಅಂತ ತಿಳಿಯಲು ದೊಡ್ಡ ಸಾಧನ ಬೇಡ. ನೋಟ್‌ಪ್ಯಾಡ್‌ಗೆ ಅಂಟಿಸಿ, ಯುಟಿಎಫ್-8 ಅಂತ ಸೇವ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಸೈಜ್ ನೋಡಿ. ಹಳೇ ನೋಟ್‌ಪ್ಯಾಡ್ ಆದರೆ ಆರಂಭದಲ್ಲಿ ತನ್ನದೊಂದು ಗುರುತು ಸೇರಿಸಿ 3 ಬೈಟ್ ಜಾಸ್ತಿ ತೋರಿಸುತ್ತದೆ, ಅದನ್ನು ಕಳೆಯಿರಿ. ಹೀಗೆ 41 ಹೆಸರನ್ನೂ ಅಳೆದು ಒಂದು ಹಾಳೆಯಲ್ಲಿ ಬರೆದೆ. ತೆರೆಯುತ್ತಿದ್ದವುಗಳಲ್ಲಿ ದೊಡ್ಡದು 243 ಬೈಟ್. ಬೀಳುತ್ತಿದ್ದವುಗಳಲ್ಲಿ ಚಿಕ್ಕದು 271. ಎಲ್ಲೆ ಈ ಎರಡರ ಮಧ್ಯೆ ಇದೆ. ಪ್ರೋಗ್ರಾಂ ಬರೆಯುವವರ ಕೈ ತಾನಾಗಿ ಹೋಗುವ ಸಂಖ್ಯೆ ಒಂದು ಅಲ್ಲೇ ಕೂತಿದೆ, 256.

‘ಅ’ ಪರೀಕ್ಷೆ

ಊಹೆ ಸರಿಯಾ ಅಂತ ನೋಡಲು ಐದು ಸೆಕೆಂಡಿನ ಮೌನದ ಫೈಲ್ ತೆಗೆದುಕೊಂಡೆ. ಹೆಸರಿನ ಜಾಗದಲ್ಲಿ ಬರೀ ‘ಅ’ ತುಂಬಿಸುತ್ತಾ ಹೋದೆ. 80, ತೆರೆಯಿತು. 85, ತೆರೆಯಿತು. 86, ಬಿತ್ತು.

ಲೆಕ್ಕ ಹಾಕಿ. 85 ‘ಅ’ ಅಂದರೆ 255 ಬೈಟ್, ಹೆಸರು ಮುಗಿಯಿತು ಅಂತ ಹೇಳುವ ಸೊನ್ನೆಗೆ ಒಂದು, ಒಟ್ಟು 256. ಕಂಠಮಟ್ಟ. 86 ಅಂದರೆ ಸೊನ್ನೆ ಸೇರಿ 259. ಮೂರು ಬೈಟ್ ಆಚೆ ಚೆಲ್ಲಿತು. ಎಡಿಟರಿನ ಕೋಡ್ ಬರೆದವನು ಹೆಸರಿಗೆ 256 ಬೈಟ್ ಸಾಕು ಅಂದುಕೊಂಡ. ಡಬ್ಬಿಯ ಮೇಲೆ 312 ಅಂತ ಬರೆದಿದ್ದರೂ ಅಳತೆ ನೋಡದೆ ಸುರಿದ. ಬಫರ್ ಓವರ್‌ಫ್ಲೋ ಅನ್ನುವುದು ಇಷ್ಟೇ. ಉಳಿದದ್ದೆಲ್ಲ ಚೆಲ್ಲಿದ್ದು ಎಲ್ಲಿಗೆ ಬಿತ್ತು ಅನ್ನುವ ಕಥೆ.

ಆ ಕಥೆಯೇ ಹೆದರಿಕೆ ಹುಟ್ಟಿಸುವಂಥದ್ದು. 86ಕ್ಕೆ ಲಾಗ್‌ನಲ್ಲಿ ಎಡಿಟರಿನದೇ ಮಾಡ್ಯೂಲ್ ಹೆಸರು ಬಂದಿತ್ತು. 100 ‘ಅ’ ಹಾಕಿದೆ. ಮಾಡ್ಯೂಲ್ ಅನ್‌ನೋನ್, ಆಫ್‌ಸೆಟ್ ‘85ಬಿ2ಇ085’. ಹಿಂದಿನಿಂದ ಓದಿ: 85, ಇ0, ಬಿ2, 85. ಒಂದು ‘ಅ’ದ ಬಾಲ, ಅದರ ಹಿಂದೆ ಇನ್ನೊಂದು ಇಡೀ ‘ಅ’. ಒಂದು ಫಂಕ್ಷನ್ ಕೆಲಸ ಮುಗಿಸಿದ ಮೇಲೆ ವಾಪಸ್ ಎಲ್ಲಿಗೆ ಹೋಗಬೇಕು ಅನ್ನುವ ವಿಳಾಸ ಬಫರ್‌ನಿಂದ ಸ್ವಲ್ಪ ಮುಂದೆ ಅದೇ ಸ್ಟ್ಯಾಕ್‌ನಲ್ಲಿ ಇರುತ್ತದೆ. ನನ್ನ ‘ಅ’ಗಳು ಹೋಗಿ ಆ ವಿಳಾಸದ ಮೇಲೆ ಕೂತವು. ಪ್ರೋಗ್ರಾಂ ಅದನ್ನೇ ವಿಳಾಸ ಅಂತ ನಂಬಿ ಹೊರಟಿತು. ಅಲ್ಲಿ ಏನೂ ಇಲ್ಲ, ಬಿತ್ತು.

‘ಅ’ದ ಬದಲು ಅಲ್ಲಿ ಲೆಕ್ಕ ಹಾಕಿದ ವಿಳಾಸ ಇದ್ದಿದ್ದರೆ? ಆಗ ಬೀಳುತ್ತಲೇ ಇರಲಿಲ್ಲ, ಆ ವಿಳಾಸ ಬರೆದವನು ಹೇಳಿದ ಕಡೆಗೆ ಹೋಗಿ ಅವನ ಕೆಲಸ ಮಾಡುತ್ತಿತ್ತು, ನಿಮ್ಮ ಪರದೆಯ ಮೇಲೆ ಹಾಡೂ ನುಡಿಯುತ್ತಿತ್ತೇನೋ. ಹೀಗೆ ಕ್ರ್ಯಾಶ್ ಆಯಿತು ಅಂದರೆ ಬಾಗಿಲಿಗೆ ಚಿಲಕ ಇಲ್ಲ ಅಂತ.

ಇದು ಹೊಸ ರೋಗ ಏನಲ್ಲ. 1988ರಲ್ಲಿ ಇಂಟರ್ನೆಟ್‌ನಲ್ಲಿ ತಾನಾಗಿ ಹರಡಿದ ಮಾರಿಸ್ ವರ್ಮ್, ಯಾರು ಲಾಗಿನ್ ಆಗಿದ್ದಾರೆ ಅಂತ ಹೇಳುವ ಫಿಂಗರ್ ಸೇವೆಯೊಳಗೆ ನುಗ್ಗಿದ್ದು ಹೀಗೆಯೇ, 512 ಬೈಟಿನ ಜಾಗಕ್ಕೆ 536 ಬೈಟ್ ಸುರಿದು. ಆಡಿಯೊ ಕಡೆಗೆ ಬಂದರೆ, ಆಡಾಸಿಟಿ ಅನ್ನುವ ಎಡಿಟರಿನ 1.2.6 ಆವೃತ್ತಿಯಲ್ಲಿ ಉದ್ದ ಪದ ತುಂಬಿದ ‘.ಜಿಆರ್‌ಒ’ ಫೈಲ್ ಕೊಟ್ಟರೆ ಸ್ಟ್ಯಾಕ್ ಉಕ್ಕುತ್ತಿತ್ತು, 1.3.6ರಲ್ಲಿ ಸರಿ ಮಾಡಿದರು. ಲಿನಕ್ಸ್‌ನ ಎಷ್ಟೋ ಆಡಿಯೊ ಪ್ರೋಗ್ರಾಂಗಳು ಫೈಲ್ ಓದಲು ಬಳಸುವ ಲಿಬ್‌ಸ್ನ್ಡ್‌ಫೈಲ್‌ನಲ್ಲಿ 2017ರಲ್ಲಿ ಫ್ಲ್ಯಾಕ್ ಆಡಿಯೊ ಫೈಲ್ ಓದುವ ಭಾಗ ಉಕ್ಕುತ್ತಿದ್ದದ್ದನ್ನು 1.0.28ರಲ್ಲಿ ಮುಚ್ಚಿದರು. 2021ರಲ್ಲಿ ಅದೇ ಲೈಬ್ರರಿಯಲ್ಲಿ ವೇವ್ ಫೈಲ್‌ನದೇ ಇನ್ನೊಂದು ತೂತು ಸಿಕ್ಕಿತು, ಈ ಸಲ ಹೀಪ್‌ನಲ್ಲಿ. 2015ರಲ್ಲಿ ಆಂಡ್ರಾಯ್ಡ್ ಫೋನುಗಳನ್ನು ನಡುಗಿಸಿದ ಸ್ಟೇಜ್‌ಫ್ರೈಟ್ ಕೂಡ ಮೀಡಿಯಾ ಫೈಲ್ ಓದುವ ಕೋಡ್‌ನ ತಪ್ಪೇ. ಮೀಡಿಯಾ ಫೈಲ್ ಓದುವವರು ಡಬ್ಬಿಯ ಮೇಲಿನ ಅಳತೆಯನ್ನು ಒಂದೋ ನೋಡುವುದಿಲ್ಲ, ಇಲ್ಲವೇ ಪೂರ್ತಿ ನಂಬಿಬಿಡುತ್ತಾರೆ. ಎರಡೂ ತಪ್ಪೇ. ವೇವ್ ಅಂದರೆ ಶುರುವಿನಲ್ಲಿ 44 ಬೈಟಿನ ಹೆಡರ್, ಅಷ್ಟೇ ಅಂತ ನಾವು ಲಘುವಾಗಿ ಮಾತಾಡುತ್ತೇವೆ, ನೋಡಿ.

ನಿಮ್ಮ ಎಡಿಟರ್‌ಗೆ ಎಷ್ಟು ಬೇಲಿ ಇದೆ ಅಂತ ನೋಡಬಹುದು. ಮೈಕ್ರೋಸಾಫ್ಟ್‌ನದೇ ಆದ ಪ್ರೊಸೆಸ್ ಎಕ್ಸ್‌ಪ್ಲೋರರ್ ತೆರೆದು ಡಿಇಪಿ, ಎಎಸ್‌ಎಲ್‌ಆರ್ ಕಾಲಂ ಎರಡನ್ನೂ ಸೇರಿಸಿಕೊಳ್ಳಿ. ಡೇಟಾ ಇರುವ ಜಾಗದಿಂದ ಕೋಡ್ ಓಡಿಸಬಾರದು ಅನ್ನುವುದು ಮೊದಲನೆಯದು, 2004ರಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಜೊತೆ ಬಂದದ್ದು. ಪ್ರತಿ ಸಲ ವಿಳಾಸಗಳನ್ನು ಕಲಸಿ ಇಡುವುದು ಎರಡನೆಯದು, ವಿಸ್ಟಾದಿಂದ ಶುರು. ಕಳ್ಳನಿಗೆ ಮನೆ ಸಂಖ್ಯೆಯೇ ಗೊತ್ತಾಗದ ಹಾಗೆ. ನಮ್ಮ ಎಡಿಟರಿನ ಸಾಲಿನಲ್ಲಿ ಎರಡೂ ಕಾಲಂ ಖಾಲಿ.

ಸರಿ, ಏನು ಮಾಡಿದ್ವಿ

ಆ ದಿನಕ್ಕೆ ಹುಡುಗನಿಗೆ ಹಾಡು ಬೇಕಿತ್ತು. ಒಂಬತ್ತು ಫೈಲಿನ ಕಾಪಿ ಮಾಡಿ, ಟ್ಯಾಗ್ ತಿದ್ದುವ ಪ್ರೋಗ್ರಾಂನಲ್ಲಿ ಹೆಸರನ್ನು ಮೊದಲ ಸಾಲಿಗೆ ಇಳಿಸಿದೆ. ಅವನು ಬರೆದಿದ್ದ ವಿವರ ಕಳೆಯಬಾರದು ಅಂತ ಎಲ್ಲವನ್ನೂ ಒಂದು ಎಕ್ಸೆಲ್ ಹಾಳೆಗೆ ಹಾಕಿ ಪೆನ್‌ಡ್ರೈವ್‌ನಲ್ಲೇ ಇಟ್ಟೆ. ಒಂಬತ್ತೂ ತೆರೆದವು.

ಆದರೆ ಹೆಸರು ಗಿಡ್ಡ ಮಾಡುವುದು ರಿಪೇರಿ ಅಲ್ಲ. ನಮ್ಮ ಫೈಲ್ ಬಚಾವಾಯಿತು, ಎಡಿಟರಿನ ತೂತು ಹಾಗೇ ಇದೆ. ಟಿಪ್ಪಣಿಯ ಡಬ್ಬಿ, ಹೇಳಿದವರ ಡಬ್ಬಿಯಲ್ಲೂ ಅದೇ ಕೈ ಅದೇ ತಪ್ಪು ಮಾಡಿದೆಯಾ ಅಂತ ನೋಡಿದೆ. ಟಿಪ್ಪಣಿಯದು ಉದ್ದ ಎಷ್ಟಾದರೂ ತಡೆದುಕೊಂಡಿತು, ಹೇಳಿದವರದು 86ಕ್ಕೆ ಮಲಗಿತು. ಹಾಗಾಗಿ ಆ ಎಡಿಟರನ್ನು ತೆಗೆದು, ಈಗಲೂ ಅಪ್‌ಡೇಟ್ ಬರುತ್ತಿರುವ ಒಂದು ಉಚಿತ ಎಡಿಟರ್ ಹಾಕಿಕೊಟ್ಟೆ. ಅದಕ್ಕೂ 100, 500, 5000 ‘ಅ’ ಕೊಟ್ಟು ನೋಡಿದೆ. ಹೆಸರನ್ನು ಪೂರ್ತಿ ತೋರಿಸಲಿಲ್ಲ, ಆದರೆ ಬೀಳಲಿಲ್ಲ. ಹುಡುಗನಿಗೆ ಸ್ವಲ್ಪ ಬೇಜಾರು, ಹಳೆಯದರ ಬಟನ್ ಎಲ್ಲೆಲ್ಲಿದೆ ಅಂತ ಕೈಗೆ ಅಭ್ಯಾಸ ಆಗಿತ್ತು.

ಇಂಥದ್ದು ನಿಮಗೆ ಈಗಲೂ ನಡೆಯುತ್ತಿರುವ ಸಾಫ್ಟ್‌ವೇರ್‌ನಲ್ಲಿ ಸಿಕ್ಕರೆ, ಬೀಳಿಸುವ ಫೈಲನ್ನು ಗುಂಪಿನಲ್ಲಿ ಹಂಚಿ ‘ನೋಡಿ ತಮಾಷೆ’ ಅನ್ನಬೇಡಿ. ತಯಾರಿಸಿದವರಿಗೆ ಖಾಸಗಿಯಾಗಿ ಬರೆಯಿರಿ. ಆವೃತ್ತಿ ಸಂಖ್ಯೆ, ಲಾಗ್‌ನ ಆ ಮೂರು ವಿಷಯ, ಎಷ್ಟು ಬೈಟ್ ತನಕ ಸರಿ ಎಷ್ಟಕ್ಕೆ ಬೀಳುತ್ತದೆ, ಮತ್ತು ಮೌನದ ಪುಟ್ಟ ಫೈಲ್. ಅಜ್ಜಿಯ ಹಾಡನ್ನೇ ಕಳಿಸಬೇಕಾಗಿಲ್ಲ. ಸಾಫ್ಟ್‌ವೇರ್‌ನ ತೂತು ಹುಡುಕುವ ಗೂಗಲ್‌ನ ತಂಡ ಪ್ರಾಜೆಕ್ಟ್ ಝೀರೋದವರು ಇಂಥದ್ದಕ್ಕೆ 90 ದಿನ ಗಡುವು ಕೊಡುತ್ತಾರೆ, ನೀವೂ ಅಷ್ಟು ಕಾಯಬಹುದು. ತಯಾರಿಸಿದವರಿಂದ ಉತ್ತರ ಬರದಿದ್ದರೆ ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸಂಸ್ಥೆ ಸರ್ಟ್-ಇನ್ ಇದೆ, ಅಲ್ಲಿಗೆ ತಿಳಿಸಿ.

ನಮ್ಮ ಎಡಿಟರ್‌ಗೆ ಹಿಂದೂ ಮುಂದೂ ಯಾರೂ ಇರಲಿಲ್ಲ. ತಯಾರಿಕೆ ನಿಲ್ಲಿಸಿ ವರ್ಷಗಳಾಗಿವೆ. ಅದರ ಸೆಟಪ್ ಫೈಲ್ ಅಂಗಡಿಯ ಮೂರು ಪೆನ್‌ಡ್ರೈವ್‌ನಲ್ಲಿ ಇತ್ತು, ಮೂರರಿಂದಲೂ ಅಳಿಸಿದೆ. ಎಷ್ಟು ಜನರಿಗೆ ನಾನೇ ಹಾಕಿಕೊಟ್ಟಿದ್ದೆ ಅಂತ ಬಿಲ್ ಪುಸ್ತಕ ತಿರುವಿ ನೋಡಿದೆ, ಹದಿನಾಲ್ಕು ಮಂದಿ. ಹನ್ನೊಂದು ಮಂದಿಗೆ ಫೋನ್ ಮಾಡಿ ಆಗಿದೆ. ಉಳಿದ ಮೂವರು ಹೊಸನಗರದ ಆಚೆಯವರು, ಮಳೆಗೆ ನೆಟ್‌ವರ್ಕ್ ಇಲ್ಲ.